ಉದ್ಘಾಟನೆಯ ಮರುದಿನ

ಕಲ್ಯಾಣವನ್ನು ರಾಜಧಾನಿಯಾಗಿ ಮಾಡಿಕೊಂಡು ಆಳಿದ ಚಾಲುಕ್ಯ ಚಕ್ರವರ್ತಿಗಳಲ್ಲಿ ಮೂರನೆಯ ಸೋಮೇಶ್ವರನು ಸಮರವಿಜಯಗಳಿಗಿಂತ ಗ್ರಂಥಕರ್ತೃತ್ವದಿಂದಲೇ ಹೆಚ್ಚು ಖ್ಯಾತನಾದವನು. ಸುಮಾರು 1129ರಲ್ಲಿ ಅವನು ಸಂಸ್ಕೃತದಲ್ಲಿ ರಚಿಸಿದನೆಂದು ಪ್ರಸಿದ್ಧವಾಗಿರುವ ‘ಮಾನಸೋಲ್ಲಾಸ’ವು ಐದು ವಿಂಶತಿಗಳ, ಎಂದರೆ ನೂರು ಅಧ್ಯಾಯಗಳ ಬೃಹದ್ಗ್ರಂಥ; ರಾಜ್ಯಾಂಗ, ಗಜಲಕ್ಷಣ, ಪಾಕ, ಸಂಗೀತ, ಚಿತ್ರ ಮೊದಲಾದ ನಾನಾ ವಿಷಯಗಳ ನಡುವೆ ಅದರಲ್ಲಿ ಉದ್ಯಾನದ ಪ್ರಸ್ತಾವವೂ ಬಂದು, ಗಿಡಗಳನ್ನು ನೆಡುವ ಬಗೆ, ಅವುಗಳಿಗೆ ಗೊಬ್ಬರವನ್ನೂ ನೀರನ್ನೂ ಉಣಿಸುವ ಕ್ರಮ, ರೋಗ ತಗುಲಿದಾಗ ಮಾಡತಕ್ಕ ಚಿಕಿತ್ಸೆ ಇವೆಲ್ಲ ಸಾವಧಾನವಾಗಿ ನಿರೂಪಿತವಾಗಿವೆ. ಆ ಉದ್ಯಾನವು ಅರಸನ ವಿನೋದಕ್ಕೆ ಮೀಸಲಾದದ್ದೇ ಹೊರತು ಪ್ರಜೆಗಳ ವಿಹಾರಕ್ಕಾಗಿ ಇದ್ದುದಲ್ಲ. ಆ ಕಾಲದಲ್ಲಿ ಹಾಗೆ ನಿರೀಕ್ಷಿಸುವುದೂ ಸಲ್ಲದು. ಆದರೆ ತೋಟವೆಂದರೆ ನೆಟ್ಟು ಮುಗಿಸುವ ಕೆಲಸವಲ್ಲ, ನೆಟ್ಟ ಮೇಲೆ ಆರಂಭವಾಗುವ ಕೆಲಸವೆಂಬುದನ್ನು ಸಿಂಹಾಸನದ ಮೇಲೆ ಕುಳಿತವನೊಬ್ಬನು ಅರಿತಿದ್ದನೆಂಬುದು, ಅದೇ ಊರಿನ ಇಂದಿನ ಸಾರ್ವಜನಿಕ ಉದ್ಯಾನಗಳನ್ನು ನೋಡುವವನಿಗೆ ಪದೇಪದೇ ನೆನಪಿಗೆ ಬಾರದೆ ಇರದು.

ಆ ಕಲ್ಯಾಣವೇ ಮುಂದೆ ನಿಜಾಮರ ಆಳ್ವಿಕೆಯಲ್ಲಿ ನವಾಬರ ಜಹಗೀರಿಯಾದ ಕಲ್ಯಾಣಿಯಾಗಿ, 1956ರ ಭಾಷಾವಾರು ಪುನರ್ವಿಂಗಡಣೆಯ ತರುವಾಯ ಬಸವಕಲ್ಯಾಣವೆಂಬ ಹೆಸರನ್ನು ತಳೆದು, ಇಂದು ಬೀದರ ಜಿಲ್ಲೆಯ ಒಂದು ನಗರಸಭೆಯ ಊರಾಗಿದೆ. 2001ರಲ್ಲಿ ಸುಮಾರು 59 ಸಾವಿರವಿದ್ದ ಜನಸಂಖ್ಯೆ 2011ರ ಗಣತಿಯ ವೇಳೆಗೆ 70 ಸಾವಿರವನ್ನು ಸಮೀಪಿಸಿತ್ತು. ಅಲ್ಲಿಂದ ಬಸ್ಸಿನಲ್ಲಿ ಗಂಟೆಯ ಹಾದಿಯಲ್ಲಿರುವ ಹುಮನಾಬಾದು ಅದೇ ಅವಧಿಯಲ್ಲಿ 36 ಸಾವಿರದಿಂದ 44 ಸಾವಿರಕ್ಕೆ ಏರಿತು. ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಎರಡೂ ಊರುಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ. ಬಸವಕಲ್ಯಾಣಕ್ಕೆ ಲಾರಿಗಳ ದುರಸ್ತಿಗೆ ಹೆಸರಾದ ಆಟೋನಗರವನ್ನು ತಂದುಕೊಟ್ಟದ್ದೂ ಈ ಹೆದ್ದಾರಿಯೇ, ಹುಮನಾಬಾದಿನ ಕೈಗಾರಿಕಾ ಪ್ರದೇಶಕ್ಕೆ ಸರಕು ಸಾಗಿಸಿದ್ದೂ ಈ ಹೆದ್ದಾರಿಯೇ. 2017ರ ಅಕ್ಟೋಬರ್ 29ರಂದು ಬೀದರ–ಕಲಬುರಗಿ ರೈಲುಮಾರ್ಗವು ಲೋಕಾರ್ಪಣೆಗೊಂಡ ಮೇಲೆ ಹುಮನಾಬಾದಿಗೆ ರೈಲೂ ಬಂದಿತು. ವೀರಭದ್ರೇಶ್ವರನ ಜಾತ್ರೆಗೂ ಮಾಣಿಕನಗರದ ದತ್ತಜಯಂತಿಗೂ ವರ್ಷಕ್ಕೊಮ್ಮೆ ಜನಸಾಗರವನ್ನು ಕಾಣುತ್ತಿದ್ದ ಊರು ಈಗ ವರ್ಷವೆಲ್ಲವೂ ಒಂದಿಷ್ಟು ಜಾತ್ರೆಯ ಗದ್ದಲವನ್ನು ಹೊತ್ತುಕೊಂಡೇ ಇದೆ.

ಊರು ಬೆಳೆಯುವ ಬಗೆ ಎರಡು ಕಡೆಯೂ ಒಂದೇ. ಹೆದ್ದಾರಿಯ ಮಗ್ಗುಲಲ್ಲಿ ತೊಗರಿ, ಸೋಯಾ ಬೆಳೆಯುತ್ತಿದ್ದ ಹೊಲವೊಂದು ಕೃಷಿಯೇತರ ಬಳಕೆಗೆ ಪರಿವರ್ತನೆಗೊಂಡು, ಜನರ ಬಾಯಲ್ಲಿ ‘ಎನ್‌ಎ ಲೇಔಟ್’ ಎನಿಸಿಕೊಂಡು, ಕಲ್ಲು ನೆಟ್ಟ ಗಡಿಗಳ ನಡುವೆ ಪ್ಲಾಟುಗಳಾಗಿ ಹಂಚಿಹೋಗುತ್ತದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ವಿನ್ಯಾಸಕ್ಕೆ ಅನುಮೋದನೆ ದೊರೆಯಬೇಕಾದರೆ ರಸ್ತೆಗೆಂದೂ ಉದ್ಯಾನಕ್ಕೆಂದೂ ನಾಗರಿಕ ಸೌಲಭ್ಯಕ್ಕೆಂದೂ ನಿಯತವಾದ ಪಾಲನ್ನು ಬಿಡಲೇಬೇಕು; ಬಿಟ್ಟ ಆ ಭಾಗವು ಸ್ಥಳೀಯ ಸಂಸ್ಥೆಯ ವಶಕ್ಕೆ ಬರುತ್ತದೆ. ನಕ್ಷೆಯಲ್ಲಿ ಹಸಿರು ಬಣ್ಣ ಬಳಿದ ಈ ಚೌಕಕ್ಕೆ ಬಡಾವಣೆಯವರು ಇಟ್ಟುಕೊಂಡ ಹೆಸರು ‘ಖುಲ್ಲಾ ಜಾಗ’. ಸಾಮಾನ್ಯವಾಗಿ ಅದು ಬಡಾವಣೆಯ ತೀರ ಮೂಲೆಯಲ್ಲಿ, ನೀರು ನಿಲ್ಲುವ ತಗ್ಗಿನಲ್ಲಿ, ಅಥವಾ ವಿದ್ಯುತ್ ತಂತಿ ಹಾದುಹೋಗುವ ಸಾಲಿನ ಕೆಳಗೆ ಬಿದ್ದಿರುತ್ತದೆಂಬುದನ್ನು ಗಮನಿಸಿದವರು, ಪ್ಲಾಟಾಗಿ ಮಾರಲಾಗದ ನೆಲಕ್ಕೇ ನಮ್ಮಲ್ಲಿ ಉದ್ಯಾನಭಾಗ್ಯ ಒದಗುತ್ತದೆಂದು ನಗುವುದುಂಟು.

ಈ ಖುಲ್ಲಾ ಜಾಗಗಳಿಗೆ ಕಾನೂನಿನ ರಕ್ಷಣೆ ಕಡಿಮೆಯೇನಿಲ್ಲ. 1985ರ ಕರ್ನಾಟಕ ಉದ್ಯಾನಗಳು, ಆಟದ ಮೈದಾನಗಳು ಮತ್ತು ಬಯಲು ಸ್ಥಳಗಳ ಸಂರಕ್ಷಣೆ ಹಾಗೂ ನಿಯಂತ್ರಣ ಕಾಯಿದೆಯು, ಸ್ಥಳೀಯ ಸಂಸ್ಥೆಗಳು ತಮ್ಮ ವ್ಯಾಪ್ತಿಯ ಇಂಥ ಸ್ಥಳಗಳ ಪಟ್ಟಿಯನ್ನು ನಕ್ಷೆಸಹಿತ ಸಿದ್ಧಪಡಿಸಬೇಕೆಂದೂ, ಅವನ್ನು ಬೇರೆ ಉದ್ದೇಶಕ್ಕೆ ಮನಬಂದಂತೆ ಬಳಸಕೂಡದೆಂದೂ, ಸ್ವಚ್ಛವಾದ ಸುಸ್ಥಿತಿಯಲ್ಲಿ ಇರಿಸತಕ್ಕದ್ದೆಂದೂ ವಿಧಿಸಿದೆ. ಆರು ವರ್ಷಗಳ ಅನಂತರ ನಮ್ಮ ರಾಜ್ಯದಿಂದಲೇ ಹೋದ ಒಂದು ವ್ಯಾಜ್ಯವು ಇಡೀ ದೇಶಕ್ಕೆ ಮಾರ್ಗದರ್ಶಕವಾಯಿತು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಕಾಯ್ದಿರಿಸಿದ್ದ ನಿವೇಶನವೊಂದನ್ನು ಖಾಸಗಿ ಟ್ರಸ್ಟಿನ ಆಸ್ಪತ್ರೆಗೆ ಕೊಟ್ಟದ್ದನ್ನು ನಿವಾಸಿಗಳು ಪ್ರಶ್ನಿಸಿದಾಗ, ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಮುದ್ದಪ್ಪ ಎಂಬ ಆ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ನಿವಾಸಿಗಳ ಪಕ್ಷವನ್ನೇ ಎತ್ತಿಹಿಡಿಯಿತು. ಆಸ್ಪತ್ರೆಯೂ ಲೋಕೋಪಕಾರಿಯಲ್ಲವೇ ಎಂಬ ವಾದವು ಅಲ್ಲಿ ನಿಲ್ಲಲಿಲ್ಲ; ಬಯಲು ಸ್ಥಳವು ಜನರಿಗೆ ಸೇರಿದ ಸೊತ್ತು, ಅದನ್ನು ಅಧಿಕಾರಸ್ಥರು ತಮ್ಮ ಇಚ್ಛೆಯಂತೆ ಮತ್ತೊಂದಾಗಿ ಪರಿವರ್ತಿಸಲಾಗದೆಂಬುದೇ ಆ ತೀರ್ಪಿನ ತಾತ್ಪರ್ಯ. ಹೀಗೆ, ಉದ್ಯಾನವನ್ನು ಕಬಳಿಸುವವನ ಕೈಯನ್ನು ಹಿಡಿಯಲು ಕಾನೂನಿದೆ. ಉದ್ಯಾನವನ್ನು ಒಣಗಲು ಬಿಡುವವನ ಕೈಯನ್ನು ಹಿಡಿಯುವುದು ಮಾತ್ರ ಅಷ್ಟು ಸುಲಭವಲ್ಲ, ಏಕೆಂದರೆ ಅಲ್ಲಿ ಹಿಡಿಯುವುದಕ್ಕೆ ಯಾರ ಕೈಯೂ ಕಾಣಿಸುವುದಿಲ್ಲ.

ಇಂಥ ಊರುಗಳಲ್ಲಿ ಹೊಸದಾಗಿ ಅಭಿವೃದ್ಧಿಪಡಿಸಿದ ಯಾವ ಉದ್ಯಾನಕ್ಕಾದರೂ ಅದು ಉದ್ಘಾಟನೆಗೊಂಡ ಎರಡನೆಯ ಬೇಸಿಗೆಯಲ್ಲಿ ಹೋಗಿ ನೋಡಬೇಕು. ಕಮಾನಿನ ಮೇಲಿನ ಬಣ್ಣದ ಅಕ್ಷರಗಳೂ ಅಮೃತಶಿಲೆಯ ನಾಮಫಲಕವೂ ಸುಸ್ಥಿತಿಯಲ್ಲಿರುತ್ತವೆ. ಒಳಗೆ ಕಾಲಿಟ್ಟರೆ, ನಡಿಗೆಯ ದಾರಿಗೆ ಹಾಸಿದ ಇಂಟರ್‌ಲಾಕ್ ಟೈಲ್ಸ್ ಅಲ್ಲಲ್ಲಿ ಉಬ್ಬಿ, ಅಲ್ಲಲ್ಲಿ ಕುಸಿದು, ಸಂದಿನಲ್ಲಿ ಗರಿಕೆಗೂ ಕಾಂಗ್ರೆಸ್ ಗಿಡಕ್ಕೂ ಎಡೆಗೊಟ್ಟಿರುತ್ತವೆ. ಹುಲ್ಲುಹಾಸು ಇದ್ದ ಕಡೆ ಮಣ್ಣು ಬಾಯಿಬಿಟ್ಟಿರುತ್ತದೆ. ಜೋಕಾಲಿಯ ಒಂದು ಸರಪಳಿ ಕಳಚಿ, ಹಲಗೆ ಓರೆಯಾಗಿ ತೂಗುತ್ತಿರುತ್ತದೆ. ಕಾರಂಜಿಯ ತೊಟ್ಟಿಯಲ್ಲಿ ನೀರಿನ ಬದಲು ಗುಟಕಾ ಚೀಟಿಗಳು. ಪಂಪಿನ ಕೋಣೆಗೆ ತುಕ್ಕು ಹಿಡಿದ ಬೀಗ. ಬೀಗದ ಕೈ ಯಾರಲ್ಲಿದೆ ಎಂದರೆ ‘ಅಂವಾ ಬಿಟ್ಟು ಹೋದ’ ಎಂಬ ಉತ್ತರ. ಆ ‘ಅಂವಾ’ ಎಂದರೆ ಗುತ್ತಿಗೆದಾರನು ಒಂದು ವರ್ಷದ ನಿರ್ವಹಣಾ ಅವಧಿಗೆಂದು ಇಟ್ಟಿದ್ದ ಮಾಲಿ. ಅವಧಿ ಮುಗಿದೊಡನೆ ಅವನೂ ಮುಗಿದನು.

ಇದಕ್ಕೆ ಅಧಿಕಾರಿಗಳ ಔದಾಸೀನ್ಯವೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಔದಾಸೀನ್ಯವಿಲ್ಲವೆಂದೂ ನಾನು ಹೇಳೆನು. ಆದರೆ ನಿಜವಾದ ಗಂಟು ಲೆಕ್ಕದ ಪುಸ್ತಕದಲ್ಲಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವಾಗಲಿ, ರಾಜ್ಯದ ವಿಶೇಷ ಅನುದಾನವಾಗಲಿ, ಪ್ರಾಯಶಃ ಹೊಸ ಕಾಮಗಾರಿಗಳಿಗಾಗಿಯೇ ಬರತಕ್ಕದ್ದು. ಗೋಡೆ, ಕಮಾನು, ದೀಪಸ್ತಂಭ, ವ್ಯಾಯಾಮದ ಸಲಕರಣೆ ಇವೆಲ್ಲ ಎಣಿಸಿ ಅಳೆದು ಬಿಲ್ಲು ಮಾಡಬಹುದಾದ ವಸ್ತುಗಳು. ದಿನಕ್ಕೆರಡು ಬಾರಿ ನೀರು ಬಿಟ್ಟು, ಕಳೆ ಕಿತ್ತು, ಸರಪಳಿಗೆ ಎಣ್ಣೆ ಹಾಕುವವನ ಕೂಲಿ ಬಂಡವಾಳ ವೆಚ್ಚವಾಗದು, ಅದು ರಾಜಸ್ವ ವೆಚ್ಚ; ಅದನ್ನು ನಗರಸಭೆಯೋ ಪುರಸಭೆಯೋ ತನ್ನ ಆಸ್ತಿ ತೆರಿಗೆ, ನೀರಿನ ಕರ, ಅಂಗಡಿ ಬಾಡಿಗೆಗಳಿಂದ ಹೊಂದಿಸಿಕೊಳ್ಳಬೇಕು. ಹದಿನೈದನೆಯ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಅವಧಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಸ್ಥಳೀಯ ಸಂಸ್ಥೆಗಳು ತಮ್ಮ ವಿವೇಚನೆಯಂತೆ ಬಳಸಬಹುದಾದ ಭಾಗವನ್ನು ಸಹ ಸಂಬಳ ಮತ್ತು ಸಿಬ್ಬಂದಿ ವೆಚ್ಚಕ್ಕೆ ಉಪಯೋಗಿಸುವಂತಿರಲಿಲ್ಲ. ನೂರು ಜನರನ್ನು ಕರೆದು ಮದುವೆ ಮಾಡುವುದಕ್ಕೆ ಹಣ ಒದಗಿಸಿಕೊಟ್ಟು, ಸಂಸಾರಕ್ಕೆ ಮಾತ್ರ ಒಂದು ಸೇರು ಜೋಳವನ್ನೂ ಕೊಡೆನೆಂದು ಹೇಳುವ ಹಿರಿಯನ ರೀತಿ ಇದು. ಅಂದಮೇಲೆ, ಇರುವ ಉದ್ಯಾನವನ್ನು ಕಾಪಾಡಿಕೊಳ್ಳುವುದಕ್ಕಿಂತ, ಅದು ಪೂರ್ತಿ ಹಾಳಾಗಲೆಂದು ಕಾದು, ‘ಪುನಶ್ಚೇತನ’ವೆಂಬ ಹೆಸರಿನಲ್ಲಿ ಹೊಸ ಟೆಂಡರ್ ಕರೆಯುವುದೇ ಊರಿಗೆ ಹೆಚ್ಚು ಅನುಕೂಲವಾಗಿ ಪರಿಣಮಿಸುತ್ತದೆ. ಇದರಲ್ಲಿ ಯಾವೊಬ್ಬನ ದುರುದ್ದೇಶವೂ ಇರಬೇಕಾದುದಿಲ್ಲ. ವ್ಯವಸ್ಥೆಯ ಇಳಿಜಾರೇ ಆ ಕಡೆಗಿದೆ.

ಇನ್ನು ನೀರಿನ ಮಾತು. ಬೀದರ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 850 ಮಿಲಿಮೀಟರು ಮಳೆ ಬೀಳುತ್ತದೆ. ಬಯಲುಸೀಮೆಯ ಬೇರೆ ಜಿಲ್ಲೆಗಳೊಂದಿಗೆ ಹೋಲಿಸಿದರೆ ಇದು ಅಲ್ಪವೇನಲ್ಲ. ಆದರೆ ಅದರ ಬಹುಭಾಗವು ಜೂನ್–ಸೆಪ್ಟೆಂಬರ್ ನಡುವೆಯೇ ಸುರಿದುಹೋಗಿ, ಉಳಿದ ಎಂಟು ತಿಂಗಳನ್ನು ನೆಲವು ತನ್ನ ಒಡಲಿನ ತೇವದಿಂದಲೇ ಕಳೆಯಬೇಕಾಗುತ್ತದೆ. ಇಂಥ ನೆಲದಲ್ಲಿ ಬೆಂಗಳೂರಿನ ಅನುಕರಣೆಯಿಂದ ಅರ್ಧ ಎಕರೆ ಹುಲ್ಲುಹಾಸನ್ನು ಹಾಸಿದರೆ ಏನಾಗುತ್ತದೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಬೇಸಿಗೆಯಲ್ಲಿ ಹುಲ್ಲಿಗೆ ಚದರ ಮೀಟರಿಗೆ ದಿನಕ್ಕೆ ಐದು ಲೀಟರಿನಷ್ಟು ನೀರು ಬೇಕೆಂದಿಟ್ಟುಕೊಂಡರೂ, ಸುಮಾರು ಎರಡು ಸಾವಿರ ಚದರ ಮೀಟರಿನ ಅರ್ಧ ಎಕರೆಗೆ ಹತ್ತು ಸಾವಿರ ಲೀಟರು, ಎಂದರೆ ಪ್ರತಿದಿನ ಎರಡು ದೊಡ್ಡ ಟ್ಯಾಂಕರು. ನಗರದ ಮನುಷ್ಯನೊಬ್ಬನಿಗೆ ದಿನಕ್ಕೆ 135 ಲೀಟರೆಂಬ ಸರ್ಕಾರಿ ಮಾನದಂಡವನ್ನು ಹಿಡಿದರೆ ಅದು ಎಪ್ಪತ್ತಕ್ಕೂ ಹೆಚ್ಚು ಜನರ ಪಾಲು. ಓಣಿಯ ನಲ್ಲಿಗೆ ನಾಲ್ಕು ದಿನಕ್ಕೊಮ್ಮೆ ನೀರು ಬರುವಾಗ ಹುಲ್ಲಿಗೆ ಟ್ಯಾಂಕರು ತರಿಸಿದ ಮುಖ್ಯಾಧಿಕಾರಿಯನ್ನು ಜನ ಬಿಟ್ಟಾರೆಯೇ? ಬಿಡುವುದಿಲ್ಲ; ಬಿಡಲೂಬಾರದು. ಹುಲ್ಲು ಒಣಗುವುದು ಅಲ್ಲಿ ಒಂದು ಬಗೆಯ ನ್ಯಾಯವೇ ಸರಿ.

ಬೇವು, ಹುಣಸೆ, ಹೊಂಗೆ, ಅರಳಿ, ಆಲ, ಅತ್ತಿ, ಮುತ್ತುಗಗಳ ವಿಷಯ ಬೇರೆ. ಇವು ಈ ನೆಲವನ್ನು ಬಲ್ಲ ಗಿಡಗಳು; ಸೀತಾಫಲವಂತೂ ಬೀದರ ಸೀಮೆಯ ಕಲ್ಲುಗುಡ್ಡಗಳಲ್ಲಿ ಯಾರ ಉಪಚಾರವೂ ಇಲ್ಲದೆ ಬೆಳೆದು ಶರತ್ಕಾಲದಲ್ಲಿ ಪೇಟೆಗೆ ಬುಟ್ಟಿಗಟ್ಟಲೆ ಬರುವಂಥದು. ಮೊದಲ ಮಳೆಗೇ ನೆಟ್ಟು, ಎರಡು ಮೂರು ಬೇಸಿಗೆ ವಾರಕ್ಕೆರಡು ಬಾರಿ ಕೊಡ ನೀರು ಹಾಕಿ, ಮೇಕೆಗಳಿಂದ ಕಾಪಾಡಿದರೆ, ಮುಂದೆ ಅವು ಮನುಷ್ಯನ ಹಂಗಿನಲ್ಲಿರವು. ಆದರೂ ಗುತ್ತಿಗೆಯ ಉದ್ಯಾನಗಳಲ್ಲಿ ಇವು ಕಾಣಿಸುವುದು ಅಪರೂಪ. ಆರು ತಿಂಗಳಲ್ಲಿ ಹಸಿರು ಗೋಡೆಯಂತೆ ಎದ್ದು ನಿಲ್ಲುವ ಕಾನೋಕಾರ್ಪಸ್ಸಿನಂಥ ಪರದೇಶದ ಗಿಡಗಳೇ ಉದ್ಘಾಟನೆಯ ದಿನಕ್ಕೆ ಒದಗುತ್ತವೆ. ಅದೇ ಗಿಡವನ್ನು ನೆಡುವುದನ್ನು ಗುಜರಾತ ಸರ್ಕಾರವು 2023ರಲ್ಲಿ ನಿಷೇಧಿಸಿತೆಂಬುದನ್ನು ನಮ್ಮವರು ಗಮನಿಸಿದರೆ ಒಳ್ಳೆಯದು. ಮಣ್ಣಿನ ವಿಷಯದಲ್ಲಿಯೂ ಇದೇ ಅವಸರ. ಬೀದರ, ಹುಮನಾಬಾದುಗಳ ಎತ್ತರದ ನೆಲ ಕೆಂಪು ಮುರುಮಿನದು, ತಗ್ಗಿನ ಹೊಲಗಳು ಕರಿ ಎರೆಯವು. ಎರೆಯು ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಮರಳು ಹರಡಿ ಟೈಲ್ಸ್ ಜೋಡಿಸಿದರೆ ಎರಡು ಮಳೆಗಾಲದಲ್ಲಿ ದಾರಿ ಅಲೆಯಲೆಯಾಗುವುದರಲ್ಲಿ ಆಶ್ಚರ್ಯವೇನಿದೆ? ಎರೆಯನ್ನು ಒಂದೆರಡು ಅಡಿ ತೆಗೆದು, ಹತ್ತಿರದಲ್ಲಿಯೇ ದೊರೆಯುವ ಮುರುಮನ್ನು ತುಂಬಿ, ನೀರು ಹಾಕಿ ದಮ್ಮಸು ಮಾಡಬೇಕೆಂಬುದು ಈ ಸೀಮೆಯಲ್ಲಿ ಮನೆ ಕಟ್ಟಿದ ಪ್ರತಿಯೊಬ್ಬ ಗೌಂಡಿಗೂ ಗೊತ್ತು. ನಿಜ ಹೇಳಬೇಕೆಂದರೆ, ಸಣ್ಣ ಊರಿನ ಉದ್ಯಾನಕ್ಕೆ ಟೈಲ್ಸೇ ಬೇಡ. ಗಟ್ಟಿಸಿದ ಮುರುಮಿನ ದಾರಿ ಮುದುಕರ ಮೊಣಕಾಲಿಗೂ ಹಿತ, ಕೆಟ್ಟರೆ ಸರಿಪಡಿಸುವುದಕ್ಕೂ ಸುಲಭ.

ಉದ್ಯಾನವೆಂದರೆ ಗೋಡೆ ಕಟ್ಟಿ ಗೇಟು ಹಾಕಿದ ಸ್ಥಳವೆಂಬ ಕಲ್ಪನೆಯೇ ನಮ್ಮ ಊರುಗಳಿಗೆ ಈಚಿನದು. ಬಸವಕಲ್ಯಾಣದಲ್ಲಿ ಪರುಷಕಟ್ಟೆಯೆಂಬ ಸ್ಥಳವಿದೆ. ಬಸವಣ್ಣನವರು ಕುಳಿತು ಜನರ ಕಷ್ಟಸುಖಗಳನ್ನು ಕೇಳುತ್ತಿದ್ದರೆಂಬ ನಂಬಿಕೆ ಅದಕ್ಕೆ ಅಂಟಿಕೊಂಡಿದೆ. ಚರಿತ್ರೆಯ ಪ್ರಮಾಣ ಹೇಗೇ ಇರಲಿ, ಕಟ್ಟೆಯೆಂಬುದು ಊರಿನ ಸಾಮಾನ್ಯ ಜೀವನಕ್ಕೆ ಏನಾಗಿತ್ತೆಂಬುದನ್ನು ಆ ನಂಬಿಕೆಯು ಯಥಾರ್ಥವಾಗಿ ಹಿಡಿದಿಟ್ಟಿದೆ: ಒಂದು ಮರ, ಅದರ ಸುತ್ತ ಕುಳಿತುಕೊಳ್ಳುವಷ್ಟು ಕಲ್ಲು, ಹೋಗಿಬರುವ ದಾರಿಯಲ್ಲಿಯೇ ಇರುವಿಕೆ, ಬೀಗವಿಲ್ಲದಿರುವಿಕೆ. 1914ರಲ್ಲಿ ಭಾರತಕ್ಕೆ ಬಂದ ಸ್ಕಾಟ್ಲೆಂಡಿನ ನಗರತಜ್ಞ ಪ್ಯಾಟ್ರಿಕ್ ಗೆಡಿಸನು ನಮ್ಮ ಹಳೆಯ ಊರುಗಳ ಸಂದಿಗೊಂದಿಗಳಲ್ಲಿ ನಡೆದಾಡಿ, ದೊಡ್ಡ ರಸ್ತೆಗಳಿಗಾಗಿ ಓಣಿಗಳನ್ನು ಕೆಡಹುವ ಬದಲು, ಪಾಳುಬಿದ್ದ ಮನೆಯ ಜಾಗದಲ್ಲಿ ಪುಟ್ಟ ಬಯಲನ್ನು ಬಿಡಿಸಿ ಒಂದೆರಡು ಮರಗಳನ್ನು ನೆಡಿರೆಂದು ಮತ್ತೆ ಮತ್ತೆ ಹೇಳಿದನು. ಇಂದೂರಿನಲ್ಲಿ ಪ್ಲೇಗಿನ ಭಯ ಹರಡಿದ್ದಾಗ ಅವನು ದೀಪಾವಳಿಗೆ ಮೆರವಣಿಗೆಯೊಂದನ್ನು ಏರ್ಪಡಿಸಿ, ಅದು ಎಂದಿನ ರಾಜಮಾರ್ಗದಲ್ಲಿ ಸಾಗದೆ, ಯಾವ ಓಣಿ ಹೆಚ್ಚು ಚೊಕ್ಕಟವಾಗಿರುವುದೋ ಆ ಓಣಿಯಲ್ಲಿ ಹೋಗುವುದೆಂದು ಡಂಗುರ ಹೊಡೆಸಿದನಂತೆ. ಊರಿನ ಜಾಡಮಾಲಿಗಳು ಬಿಳಿಯ ಬಟ್ಟೆಯುಟ್ಟು, ಹೂಮಾಲೆ ಧರಿಸಿ, ಗೌರವಸ್ಥಾನದಲ್ಲಿ ನಡೆದರಂತೆ. ಈ ಕಥೆಯನ್ನು ಗೆಡಿಸನ ವಿನೋದಪ್ರಿಯತೆಗೆ ಉದಾಹರಣೆಯಾಗಿ ಹೇಳುವವರೇ ಹೆಚ್ಚು. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು, ಕೆಲಸ ಮಾಡುವವನನ್ನು ಅವನು ಮೆರವಣಿಗೆಯ ಮುಂಭಾಗಕ್ಕೆ ತಂದನೆಂಬುದು.

ಏಕೆಂದರೆ ಎಲ್ಲ ಸುತ್ತಾಟದ ಅನಂತರ ಪ್ರಶ್ನೆಯು ಮತ್ತೆ ಆ ಬಿಟ್ಟುಹೋದ ಮಾಲಿಯ ಬಳಿಗೇ ಬರುತ್ತದೆ. ಬಡತನವೇ ಕಾರಣವೆನ್ನೋಣವೆಂದರೆ, ಜಗತ್ತಿನ ಅತ್ಯಂತ ಶ್ರೀಮಂತ ನಗರಗಳಲ್ಲೊಂದಾದ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕೂ ಇದೇ ದುರ್ಗತಿಯನ್ನು ಕಂಡಿತ್ತು. 1970ರ ದಶಕದಲ್ಲಿ ಆ ನಗರಾಡಳಿತವು ದಿವಾಳಿಯ ಅಂಚಿಗೆ ಬಂದು ಕೆಲಸಗಾರರನ್ನು ಕಡಿಮೆ ಮಾಡಿದಾಗ, ಅದರ ಹುಲ್ಲುಗಾವಲುಗಳು ಬರಡು ಮಣ್ಣಾಗಿ, ಬೆಂಚುಗಳು ಮುರಿದು, ಸಂಜೆಯ ಮೇಲೆ ಒಳಗೆ ಹೋಗುವುದಕ್ಕೇ ಜನ ಹೆದರುವಂತಾಯಿತು. 1980ರಲ್ಲಿ ನಾಗರಿಕರೇ ಸೇರಿ ಸ್ಥಾಪಿಸಿದ ಸಂಸ್ಥೆಯೊಂದು ಅದರ ಪಾಲನೆಗೆ ಕೈಯಿಕ್ಕಿತು. ಕಾಲಕ್ರಮದಲ್ಲಿ ಅದು ಕಂಡುಕೊಂಡ ಉಪಾಯವೆಂದರೆ, ಇಡೀ ಉದ್ಯಾನವನ್ನು 49 ವಲಯಗಳಾಗಿ ವಿಭಾಗಿಸಿ, ಒಂದೊಂದು ವಲಯಕ್ಕೂ ಒಬ್ಬೊಬ್ಬ ತೋಟಗಾರನನ್ನು ಹೊಣೆಗಾರನನ್ನಾಗಿ ಮಾಡಿದುದು. ಬೆಂಚು ಮುರಿದರೆ, ಗಿಡ ಸತ್ತರೆ, ಕಸ ಬಿದ್ದರೆ, ಯಾರನ್ನು ಕೇಳಬೇಕೆಂಬುದರಲ್ಲಿ ಅಂದಿನಿಂದ ಸಂಶಯವುಳಿಯಲಿಲ್ಲ.

ಕಾಯಕವನ್ನು ಕೈಲಾಸಕ್ಕೆ ಸಮನಾಗಿ ಕಂಡವರ ಊರಿಗೆ ಈ ಪಾಠವನ್ನು ಅಮೆರಿಕದಿಂದ ತರಬೇಕಾಗಿ ಬಂದದ್ದು ವಿಪರ್ಯಾಸವೇ. ನುಲಿಯ ಚಂದಯ್ಯನು ಹಗ್ಗ ಹೊಸೆಯುವ ಕಾಯಕದವನು, ಹೂಗಾರ ಮಾದಯ್ಯನು ಹೂವು ತರುವ ಕಾಯಕದವನು, ಸತ್ಯಕ್ಕನು ಶಿವಭಕ್ತರ ಅಂಗಳದ ಕಸ ಗುಡಿಸುವ ಕಾಯಕದವಳು. ಇವರ ಹೆಸರುಗಳನ್ನು ನಾವು ಬಡಾವಣೆಗಳಿಗೂ ವೃತ್ತಗಳಿಗೂ ಇಡುತ್ತೇವೆ. ಉದ್ಯಾನದ ಕಸ ಗುಡಿಸುವಾಕೆಯ ಹೆಸರನ್ನು ಮಾತ್ರ ಗುತ್ತಿಗೆದಾರನ ಹಾಜರಿಪುಸ್ತಕದಲ್ಲಿಯೂ ಸರಿಯಾಗಿ ಬರೆಯುವುದಿಲ್ಲ.

2021ರ ಜನವರಿಯಲ್ಲಿ ಅಂದಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ ಶಂಕುಸ್ಥಾಪನೆ ಮಾಡಿದರು. ಸುಮಾರು 500 ಕೋಟಿ ರೂಪಾಯಿಗಳ ಅಂದಾಜಿನ, ತ್ರಿಪುರಾಂತ ಕೆರೆಯ ಪರಿಸರದ ಆ ಭವ್ಯ ಸೌಧವು ಪೂರ್ಣಗೊಂಡು, ನಾಡಿನ ಮೂಲೆಮೂಲೆಗಳಿಂದ ಯಾತ್ರಿಕರು ಬರತೊಡಗಿದಾಗ, ಅದರ ಸುತ್ತಲಿನ ಹಸಿರು ಪ್ರದೇಶವೇ ಈ ಊರಿನ ಅತ್ಯಂತ ದೊಡ್ಡ ಉದ್ಯಾನವೆನಿಸುವ ಸಂಭವವಿದೆ. ಊರಿನ ಉಳಿದ ಖುಲ್ಲಾ ಜಾಗಗಳ ಗತಿಯನ್ನು ಅದು ಉತ್ತಮಪಡಿಸುವುದೋ ಮರೆಯಿಸುವುದೋ ಎಂಬುದು, 2005ರ ಕಾಯಿದೆಯಿಂದ ರೂಪುಗೊಂಡ ಬಸವಕಲ್ಯಾಣ ಅಭಿವೃದ್ಧಿ ಮಂಡಳಿಯೂ ನಗರಸಭೆಯೂ ಕೆಲಸವನ್ನು ಹೇಗೆ ಹಂಚಿಕೊಳ್ಳುತ್ತವೆಂಬುದರ ಮೇಲೆ ನಿಂತಿದೆ. ಯಾತ್ರಿಕನು ವರ್ಷಕ್ಕೊಮ್ಮೆ ಬಂದು ಹೋಗುವವನು. ಮುಂಜಾನೆ ನಸುಕಿನಲ್ಲಿ ಓಣಿಯ ನಾಲ್ಕಾರು ಹೆಂಗಸರೊಡನೆ ನಡೆಯುವುದಕ್ಕೆ ಹೊರಡುವ ಗೃಹಿಣಿಗೂ, ಶಾಲೆ ಬಿಟ್ಟೊಡನೆ ಚೀಲ ಎಸೆದು ಓಡುವ ಹುಡುಗನಿಗೂ ಬೇಕಾಗಿರುವುದು ಮನೆಯಿಂದ ಕಾಲ್ನಡಿಗೆಯಲ್ಲಿ ಐದು ನಿಮಿಷದೊಳಗಿನ ನೆರಳು, ಒಂದು ದೀಪ, ಬಾಗಿಲಿರುವ ಒಂದು ಶೌಚಾಲಯ. ಹುಮನಾಬಾದಿನಲ್ಲಿ, ಕಾರ್ಖಾನೆಗಳ ಕಡೆಯಿಂದ ಬೀಸುವ ಗಾಳಿಯ ಬಗ್ಗೆ ಜನರು ಗೊಣಗುತ್ತಿರುವ ಊರಿನಲ್ಲಿ, ಕೈಗಾರಿಕಾ ಪ್ರದೇಶಕ್ಕೂ ವಸತಿಗೂ ನಡುವೆ ದಟ್ಟವಾದ ಮರಗಳ ಸಾಲೊಂದು ಬೇಕೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಪ್ರತಿವರ್ಷ ಆಯವ್ಯಯವನ್ನು ಮಂಡಿಸುವ ಮೊದಲು ನಗರಸಭೆ, ಪುರಸಭೆಗಳು ಸಾರ್ವಜನಿಕರನ್ನು ಕರೆದು ಪೂರ್ವಭಾವಿ ಸಭೆಯನ್ನು ನಡೆಸುವ ಪದ್ಧತಿಯಿದೆ. ವ್ಯಾಪಾರಿ ಸಂಘದವರೂ ಒಂದಿಬ್ಬರು ಪತ್ರಕರ್ತರೂ ಬಿಟ್ಟರೆ ಹೆಚ್ಚು ಜನ ಅಲ್ಲಿಗೆ ಹೋಗುವುದಿಲ್ಲ. ಹೋದವರೂ ಹೊಸ ಉದ್ಯಾನ ಬೇಕೆಂದು ಅರ್ಜಿ ಕೊಟ್ಟು ಚಹಾ ಕುಡಿದು ಹಿಂತಿರುಗುತ್ತಾರೆ. ಮುಂದಿನ ಸಲ ಹೋಗುವವರು ಹೊಸದನ್ನು ಕೇಳದೆ, 1985ರ ಕಾಯಿದೆಯಂತೆ ತಯಾರಿಸಬೇಕಾದ ಬಯಲು ಸ್ಥಳಗಳ ಪಟ್ಟಿಯ ಪ್ರತಿಯೊಂದನ್ನು ಮೇಜಿನ ಮೇಲಿಡಿರೆಂದು ಕೇಳಲಿ. ಆ ಪಟ್ಟಿಯ ಪ್ರತಿಯೊಂದು ಸ್ಥಳದ ಎದುರಿಗೆ ಅದನ್ನು ನೋಡಿಕೊಳ್ಳುವವರ ಹೆಸರು, ಅವರ ತಿಂಗಳ ಸಂಬಳ, ಬೇಸಿಗೆಯ ನೀರಿನ ಮೂಲ ಎಂಬ ಮೂರು ಅಂಕಣಗಳನ್ನು ಬರೆಯಿಸಲಿ. ಅಂಕಣ ಖಾಲಿಯಿರುವ ಸ್ಥಳಕ್ಕೆ ಆ ವರ್ಷ ಕಮಾನು, ಕಾರಂಜಿ, ನಾಮಫಲಕಗಳ ಕಾಮಗಾರಿಗೆ ಅನುಮೋದನೆ ಕೊಡಕೂಡದೆಂದು ತಮ್ಮ ವಾರ್ಡಿನ ಸದಸ್ಯರಿಂದ ನಡಾವಳಿಯಲ್ಲಿ ದಾಖಲು ಮಾಡಿಸಲಿ. ಜೂನ್ ತಿಂಗಳ ಮೊದಲ ಮಳೆಗೆ ಬೇವಿನ ಸಸಿಗಳು ಬೇಕಾಗುತ್ತವೆ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರಕ್ಕೆ ಬೇಡಿಕೆಯನ್ನು ಅದೇ ಸಭೆಯಿಂದ ಕಳುಹಿಸಿದರೆ ಸಕಾಲಕ್ಕೆ ಬಂದು ಮುಟ್ಟುತ್ತವೆ.